ಗಂಜ್ ಹಿಂದಿನ ಖಾನಾವಳಿ ಮತ್ತು ಎಪಿಕ್ಯೂರಸ್‌ನ ಊಟ

ಊಟದ ವಿಷಯವನ್ನೇ ಮೊದಲು ಹೇಳುತ್ತೇನೆ. ಕಲಬುರಗಿಯಲ್ಲಿ ನೆಹರು ಗಂಜ್ ದಾಟಿ, ಬೇಳೆ ಮಿಲ್ಲುಗಳ ಸಾಲು ಮುಗಿಯುವ ಹತ್ತಿರ ಒಂದು ಸಣ್ಣ ಖಾನಾವಳಿ ಇದೆ. ಬೋರ್ಡ್ ಇಲ್ಲ. ಎದುರಿಗೆ ಒಂದು ಬೇವಿನ ಮರ, ಮರದ ಬುಡದಲ್ಲಿ ಕೈ ತೊಳೆಯುವ ನಲ್ಲಿ, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಇಷ್ಟೇ ಗುರುತು. ಊಟಕ್ಕೆ 90 ರೂಪಾಯಿ. ಬಿಸಿ ಜೋಳದ ರೊಟ್ಟಿ ಸಾಕು ಅನ್ನುವವರೆಗೆ ಹಾಕುತ್ತಾರೆ. ಜೊತೆಗೆ ಖಾರಬ್ಯಾಳಿ, ಒಂದು ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು, ಕೊನೆಗೆ ಸ್ವಲ್ಪ ಅನ್ನ. ಎರಡು ತಿಂಗಳಲ್ಲಿ ಹತ್ತು ಹನ್ನೆರಡು ಸಲ ಹೋಗಿದ್ದೇನೆ. ಒಂದು ಸಲವೂ ಹೊಟ್ಟೆ ಭಾರ ಅನ್ನಿಸಲಿಲ್ಲ, ಒಂದು ಸಲವೂ ಹಸಿವು ಉಳಿಯಲಿಲ್ಲ.

ಇಷ್ಟು ಬರೆದು ಸ್ಟಾರ್ ಕೊಟ್ಟು ಮುಗಿಸಬಹುದಿತ್ತು. ಆದರೆ ನಾನು ಅಲ್ಲಿಗೆ ಹೋಗುವಂತಾಗಿದ್ದು ಒಂದು ಪದದ ದೆಸೆಯಿಂದ. ಆ ಪದದ ಕತೆ ಬಿಟ್ಟು ಈ ಊಟದ ಬಗ್ಗೆ ಬರೆಯಲು ನನಗೆ ಮನಸ್ಸಾಗುತ್ತಿಲ್ಲ.

ನನ್ನದು ಸೂಪರ್ ಮಾರ್ಕೆಟ್ ಕಡೆ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಬ್ಯಾನರ್, ಎಲ್ಲಾ ಮಾಡುತ್ತೇವೆ. ಮೂರು ತಿಂಗಳ ಹಿಂದೆ ಒಂದು ದೊಡ್ಡ ಹೋಟೆಲಿನ ಮ್ಯಾನೇಜರ್ ಮೆನು ಕಾರ್ಡ್ ತಂದರು. ಹೆಸರು ಬೇಡ ಬಿಡಿ. ಇಂಗ್ಲಿಷಿನಲ್ಲಿರುವುದನ್ನೆಲ್ಲ ಕನ್ನಡಕ್ಕೆ ಮಾಡಿಕೊಡಬೇಕು ಅಂದರು. ಪನ್ನೀರ್, ಮಂಚೂರಿ, ಬಿರ್ಯಾನಿ ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಕೆಲಸವಿಲ್ಲ, ಅಕ್ಷರ ಬದಲಿಸಿದರೆ ಆಯಿತು. ಕೊನೆ ಪುಟದಲ್ಲಿ ಒಂದು ಸಾಲು ಇತ್ತು: ಎಪಿಕ್ಯೂರಿಯನ್ ಥಾಲಿ, 649 ರೂಪಾಯಿ. ಅಲ್ಲಿ ಕೈ ನಿಂತಿತು.

ಹಾಗೇ ಕನ್ನಡ ಅಕ್ಷರದಲ್ಲಿ ಬರೆದರೆ ಓದಿದವರಿಗೆ ಏನು ತಿಳಿಯಬೇಕು? ನಿಘಂಟು ತೆಗೆದೆ. ಎಪಿಕ್ಯೂರಸ್ ಅನ್ನೋ ಹಳೆ ಗ್ರೀಕ್ ತತ್ವಜ್ಞಾನಿಯ ಹೆಸರಿನಿಂದ ಬಂದ ಪದ. ಭೋಗಿ, ಸುಖಲೋಲುಪ, ತಿಂಡಿಪೋತ, ರುಚಿ ಬಲ್ಲವನು ಅಂತ ಅರ್ಥಗಳು. ಬೈಗುಳವೂ ಇದೆ, ಹೊಗಳಿಕೆಯೂ ಇದೆ, ಒಂದೇ ಪದಕ್ಕೆ. ಯಾವುದನ್ನು ತಗೊಂಡು ಮೆನು ಕಾರ್ಡಿಗೆ ಹಾಕಲಿ? ಮ್ಯಾನೇಜರ್‌ಗೆ ಫೋನ್ ಮಾಡಿ ಈ ಥಾಲಿಯಲ್ಲಿ ಏನೇನಿರುತ್ತೆ ಅಂತ ಕೇಳಿದೆ. ಅವರು ಒಳ್ಳೆಯವರು. "ಬಂದು ಉಂಡೇ ನೋಡ್ರಿ ಸರ, ದುಡ್ಡು ಕೊಡಬ್ಯಾಡ್ರಿ" ಅಂದರು.

ಹೋದೆ. ಹಿತ್ತಾಳೆ ತಟ್ಟೆ, ಅದರ ಸುತ್ತ ಸಣ್ಣ ಸಣ್ಣ ಬಟ್ಟಲು. ಎಣಿಸಿದೆ, 22 ಇದ್ದವು. ಎರಡು ಬಗೆ ಪನ್ನೀರ್, ಮೂರು ಬಗೆ ಸಿಹಿ, ನಾನ್, ಪುಲಾವ್, ಗೋಡಂಬಿ ಗ್ರೇವಿ, ಅಂಗೈ ಅಗಲದ ಎರಡು ಜೋಳದ ರೊಟ್ಟಿಯೂ ಇದ್ದವು, ಆದರೆ ತಣ್ಣಗಾಗಿದ್ದವು. ರುಚಿ ಕೆಟ್ಟದಾಗಿತ್ತು ಅಂತ ಹೇಳಲ್ಲ, ಕೆಲವು ಬಹಳ ಚೆನ್ನಾಗಿದ್ದವು. ಆದರೆ ಎಂಟನೇ ಬಟ್ಟಲಿಗೇ ಹಸಿವು ಹೋಗಿತ್ತು, ಉಳಿದ ಹದಿನಾಲ್ಕನ್ನು ಇದೆಯಲ್ಲ ಅಂತ ತಿಂದೆ. ರಾತ್ರಿ ಎರಡರವರೆಗೆ ಎದೆ ಉರಿ. ಮಜ್ಜಿಗೆ ಕುಡಿದು ಅಂಗಳದಲ್ಲಿ ಅಡ್ಡಾಡಿದೆ.

ಮರುದಿನ ಅಂಗಡಿಯಲ್ಲಿ ಇದನ್ನೆಲ್ಲ ಮಾಸ್ತರರ ಮುಂದೆ ಹೇಳಿದೆ. ಇವರು ನಮ್ಮಲ್ಲಿ ಪ್ರೂಫ್ ನೋಡುತ್ತಾರೆ. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಓದುವ ಹುಚ್ಚು ಜಾಸ್ತಿ. ಅವರು ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟರು. "ತಮ್ಮಾ, ಆ ಮನಷ್ಯಾ ರೊಟ್ಟಿ ನೀರು ಉಂಡವ. ಅವನ ಹೆಸರಿಲೆ 22 ಬಟ್ಲಾ ಇಡ್ಲತ್ತಾರೇನು?" ಅಂದರು. ಆಮೇಲೆ "ಅವನ ಊಟ ಉಣ್ಣಬೇಕಂದ್ರ ನನ್ನ ಜೋಡಿ ಬಾ" ಅಂತ ಕರೆದುಕೊಂಡು ಹೋದದ್ದು ಈ ಗಂಜ್ ಹಿಂದಿನ ಖಾನಾವಳಿಗೆ.

ನಾನೂ ಬಿ.ಎ.ಯಲ್ಲಿ ತತ್ವಶಾಸ್ತ್ರ ಓದಿದವನು. ಎಪಿಕ್ಯೂರಸ್ ಅಂದರೆ ಸುಖವಾದಿ, ಅಷ್ಟು ಬರೆದರೆ ಎರಡು ಮಾರ್ಕ್ಸು. ಆ ಎರಡು ಮಾರ್ಕ್ಸಿನಾಚೆ ಒಬ್ಬ ಮನುಷ್ಯ ಇದ್ದಾನೆ ಅಂತ ತಿಳಿದದ್ದು ಈಗ.

ಕ್ರಿಸ್ತಪೂರ್ವ 341ರಲ್ಲಿ ಸಾಮೋಸ್ ಅನ್ನೋ ದ್ವೀಪದಲ್ಲಿ ಹುಟ್ಟಿದ. ಗ್ರೀಕ್‌ನಲ್ಲಿ ಅವನ ಹೆಸರು ಎಪಿಕೂರೋಸ್. ಹಾಗಂದರೆ ನೆರವಿಗೆ ಬರುವವನು ಅಂತ ಅರ್ಥ. ಕ್ರಿಸ್ತಪೂರ್ವ 306ರ ಹೊತ್ತಿಗೆ ಅಥೆನ್ಸ್‌ಗೆ ಬಂದು ಒಂದು ಮನೆ ಮತ್ತು ಒಂದು ತೋಟ ಮಾಡಿಕೊಂಡ. ಅವನ ಗೆಳೆಯರು, ಶಿಷ್ಯರು ಅಲ್ಲೇ ಸೇರುತ್ತಿದ್ದರು. ಅವನ ಪಂಥಕ್ಕೆ 'ತೋಟ' ಅಂತಲೇ ಹೆಸರು ಬಂತು. ಅಲ್ಲಿ ಹೆಂಗಸರಿಗೂ ಜಾಗ ಇತ್ತು, ಗುಲಾಮರಿಗೂ ಇತ್ತು. ಅವನ ಮೀಸ್ ಅನ್ನೋ ಗುಲಾಮನೇ ಅವನ ಜೊತೆ ತತ್ವ ಓದಿದವನು. ಆ ಕಾಲದ ಅಥೆನ್ಸ್‌ನಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಊಟ. ರೋಮಿನ ತತ್ವಜ್ಞಾನಿ ಸೆನೆಕಾ ಒಂದು ಪತ್ರದಲ್ಲಿ ಬರೆದಿದ್ದಾನೆ. ತೋಟದ ಬಾಗಿಲಲ್ಲಿ ಒಂದು ಬರಹ ಇರುತ್ತೆ: ಬಂದವನೇ, ಇಲ್ಲಿ ಇರು, ಇಲ್ಲಿ ಸುಖವೇ ದೊಡ್ಡದು, ಅಂತ. ಒಳಗೆ ಹೋದರೆ ಉಪಚರಿಸುವವನು ನಗುನಗುತ್ತಾ ಬಾರ್ಲಿ ಹಿಟ್ಟಿನ ಅಂಬಲಿ ಕೊಡುತ್ತಾನೆ, ಬೇಕಾದಷ್ಟು ನೀರು ಕೊಡುತ್ತಾನೆ. ಈ ತೋಟ ಹಸಿವನ್ನು ಕೆರಳಿಸುವುದಿಲ್ಲ, ತಣಿಸುತ್ತದೆ ಅನ್ನುತ್ತಾನೆ. ಇದನ್ನು ಓದಿದ ದಿನ ನಾನು ಸುಮ್ಮನೆ ಕೂತುಬಿಟ್ಟೆ. ಸುಖ ಅಂತ ಬಾಗಿಲಲ್ಲಿ ಬರೆದು ಒಳಗೆ ಅಂಬಲಿ ಕೊಡುವುದು ಮೋಸ ಅಂತ ಯಾರಾದರೂ ಅನ್ನಬಹುದು. ಮೇ ತಿಂಗಳ ನಮ್ಮ ಬಿಸಿಲಲ್ಲಿ ಹೊಲದಿಂದ ಬಂದವನಿಗೆ ಒಂದು ಚೊಂಬು ಜೋಳದ ಅಂಬಲಿ ಮಜ್ಜಿಗೆ ಹಾಕಿ ಕೊಟ್ಟು ನೋಡಿ, ಆಮೇಲೆ ಅದು ಸುಖ ಹೌದೋ ಅಲ್ಲವೋ ಅಂತ ಅವನನ್ನೇ ಕೇಳಿ.

ಖಾನಾವಳಿಗೆ ಬರುತ್ತೇನೆ. ನಡೆಸುವವರು ಒಬ್ಬರು ಅಕ್ಕ, ಜೊತೆಗೆ ಮೂವರು ಹೆಂಗಸರು. ಒಳಗೆ ಎರಡು ಉದ್ದನೆಯ ಟೇಬಲ್, ನಾಲ್ಕು ಬೆಂಚು. ಬೇರೆ ಬೇರೆ ಕೂರುವ ವ್ಯವಸ್ಥೆ ಇಲ್ಲ, ಯಾರ ಪಕ್ಕ ಜಾಗ ಇದೆಯೋ ಅಲ್ಲಿ ಕೂರಬೇಕು. ನನಗೆ ಒಳಗಿನ ಬೆಂಚು ಇಷ್ಟ. ಅಲ್ಲಿಂದ ಒಲೆ ಕಾಣುತ್ತೆ.

ಅಕ್ಕ ಪರಾತದಲ್ಲಿ ಹಿಟ್ಟು ಹಾಕಿ, ನಡುವೆ ಗುಂಡಿ ಮಾಡಿ, ಕುದಿಯುವ ಎಸರು ಸುರಿಯುತ್ತಾರೆ. ಜೋಳಕ್ಕೆ ಗೋಧಿಯ ಹಾಗೆ ಜಿಗುಟು ಇಲ್ಲ. ಆ ಬಿಸಿನೀರೇ ಅದನ್ನು ಹಿಡಿದು ನಿಲ್ಲಿಸುವುದು. ಆಮೇಲೆ ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದುತ್ತಾರೆ. ಒಂದು ಮುದ್ದೆ ಮುರಿದು, ಒಣ ಹಿಟ್ಟು ಉದುರಿಸಿ, ಬಡಿಯಲು ಶುರು ಮಾಡಿದರೆ ಪ್ರತಿ ಏಟಿಗೆ ರೊಟ್ಟಿ ತಾನೇ ಒಂದಿಷ್ಟು ತಿರುಗುತ್ತಾ, ಒಂದಿಷ್ಟು ಅಗಲ ಆಗುತ್ತಾ ಹೋಗುತ್ತದೆ. ಅಂಚು ಒಡೆಯುವುದಿಲ್ಲ. ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ. ನೀರು ಆರುವ ಹೊತ್ತಿಗೆ ತಿರುವಿ ಹಾಕುತ್ತಾರೆ. ಕೊನೆಗೆ ಒಲೆಯ ಬಾಯಿಗೆ ಆನಿಸಿ ನಿಲ್ಲಿಸಿದರೆ ಉಬ್ಬುತ್ತದೆ. ಉಬ್ಬಿದ ರೊಟ್ಟಿ ತಟ್ಟೆಗೆ ಬಂದಾಗ ನೀವು ಬೆರಳಿನಿಂದ ಒಂದು ಕಡೆ ಚುಚ್ಚಬೇಕು, ಹಬೆ ಬುಸ್ ಅಂತ ಹೊರಗೆ ಬರುತ್ತೆ, ಮೇಲಿನ ಪದರ ಹಾಳೆಯ ಹಾಗೆ ಏಳುತ್ತೆ. ಆ ಪದರವನ್ನು ಮೊದಲು ಹಾಗೇ ತಿನ್ನಿ. ಏನೂ ಹಚ್ಚಬೇಡಿ. ಜೋಳದ ರುಚಿ ಅಲ್ಲಿ ಇರುತ್ತದೆ, ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟ ವಾಸನೆ.

ಖಾರಬ್ಯಾಳಿ ಬಗ್ಗೆ ಹೊರಗಿನವರಿಗೆ ಒಂದು ಮಾತು. ಇದು ಸಾಂಬಾರಲ್ಲ, ದಾಲ್ ಫ್ರೈ ಅಲ್ಲ. ನಮ್ಮ ತೊಗರಿಬೇಳೆಯನ್ನು ಗಟ್ಟಿಯಾಗಿ ಬೇಯಿಸಿ, ಖಾರ, ಹುಣಸೆಹುಳಿ, ಬಳ್ಳೊಳ್ಳಿ ಒಗ್ಗರಣೆ ಹಾಕುತ್ತಾರೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಸಿಕ್ಕಿತು. ಇಲ್ಲಿಯ ಸುಣ್ಣದಂಶದ ಮಣ್ಣೇ ಅದರ ರುಚಿಗೆ ಕಾರಣ ಅನ್ನುತ್ತಾರೆ. ಅದೇ ಬೇಳೆ ಪಕ್ಕದ ಮಿಲ್ಲಿನಿಂದ ಬಂದು ಇಲ್ಲಿ ಒಲೆ ಮೇಲೆ ಕುದಿಯುತ್ತೆ. ನೂರು ಹೆಜ್ಜೆ ದೂರ ಅಷ್ಟೇ.

ಎಪಿಕ್ಯೂರಸ್ ಆಸೆಗಳನ್ನು ಮೂರು ಗುಂಪು ಮಾಡಿದ. ಸಹಜ ಮತ್ತು ಬೇಕೇ ಬೇಕಾದವು. ಸಹಜ ಆದರೆ ಬೇಕೇ ಬೇಕು ಅಂತೇನಿಲ್ಲದವು. ಇನ್ನು ಕೆಲವು ಸಹಜವೂ ಅಲ್ಲ, ಬೇಕಾದವೂ ಅಲ್ಲ. ಬಾಯಾರಿದಾಗ ನೀರು ಮೊದಲನೆಯದು. ದುಬಾರಿ ಅಡುಗೆ ಎರಡನೆಯದು, ಅದು ಸುಖವನ್ನು ಬೇರೆ ಬಗೆ ಮಾಡುತ್ತೆ ಅಷ್ಟೇ, ಹೆಚ್ಚು ಮಾಡಲ್ಲ. ಮೂರನೆಯದಕ್ಕೆ ಹಳಬರು ಕೊಟ್ಟ ಉದಾಹರಣೆ ಚೆನ್ನಾಗಿದೆ: ತಲೆಗೆ ಕಿರೀಟ ಬೇಕು, ಊರಲ್ಲಿ ತನ್ನ ಮೂರ್ತಿ ನಿಲ್ಲಿಸಬೇಕು ಅನ್ನೋ ಆಸೆ. ನನ್ನ ತಟ್ಟೆ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ರೊಟ್ಟಿ, ಬ್ಯಾಳಿ, ನೀರು ಮೊದಲನೆಯವು. ಎಣ್ಣೆಗಾಯಿ ಮತ್ತು ಶೇಂಗಾ ಹಿಂಡಿ ಎರಡನೆಯವು. ಅವಿಲ್ಲದಿದ್ದರೂ ಹೊಟ್ಟೆ ತುಂಬುತ್ತೆ, ಆದರೆ ಇದ್ದರೆ ಬೇಡ ಅನ್ನುವುದಿಲ್ಲ. ಬೇಡ ಅನ್ನು ಅಂತ ಅವನೂ ಹೇಳಿಲ್ಲ. ಸಿಕ್ಕಾಗ ತಿನ್ನು, ಸಿಗದಿದ್ದಾಗ ಕೊರಗಬೇಡ ಅಂದ. ಆ ಹಿತ್ತಾಳೆ ತಟ್ಟೆ, 22 ಬಟ್ಟಲು, ಪಕ್ಕದಲ್ಲಿ ಫೋಟೋ ತೆಗೆಯಲು ಇಟ್ಟಿದ್ದ ಲೈಟು ಮೂರನೆಯವು ಅಂತ ನನಗನ್ನಿಸಿತು. ಅವನು ಇನ್ನೊಂದು ಮಾತು ಹೇಳಿದ್ದಾನೆ: ಯಾವ ಸುಖವೂ ಅದಾಗಿಯೇ ಕೆಟ್ಟದ್ದಲ್ಲ, ಆದರೆ ಕೆಲವು ಸುಖ ಕೊಡುವ ವಸ್ತುಗಳು ಅದಕ್ಕಿಂತ ಎಷ್ಟೋ ಪಟ್ಟು ತೊಂದರೆ ತರುತ್ತವೆ. ಆ ರಾತ್ರಿಯ ಎದೆ ಉರಿ ನೆನಪಾಯಿತು.

ಅವನು ಒಬ್ಬ ಗೆಳೆಯನಿಗೆ ಬರೆದ ಪತ್ರದ ಒಂದು ಸಾಲು ಉಳಿದುಕೊಂಡಿದೆ. ಒಂದು ಪುಟ್ಟ ಮಡಕೆ ಚೀಸ್ ಕಳಿಸು, ಮನಸ್ಸಾದಾಗ ಹಬ್ಬದೂಟ ಮಾಡುತ್ತೇನೆ ಅಂತ. ಈ ಸಾಲು ನನಗೆ ಎಲ್ಲಕ್ಕಿಂತ ಇಷ್ಟ. ದಿನಾ ರೊಟ್ಟಿ ಬ್ಯಾಳಿ ಉಂಡವನಿಗೆ ಅಮಾವಾಸ್ಯೆ ದಿನದ ಒಂದು ಹೋಳಿಗೆ ಎಂಥ ಹಬ್ಬ ಅಂತ ನಮಗೆ ಗೊತ್ತು. ನಮ್ಮ ಎಳ್ಳಮಾವಾಸ್ಯೆ ನೆನೆಸಿಕೊಳ್ಳಿ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು. ದಿನಾ ಭಜ್ಜಿ ಮಾಡಿದರೆ ಅದು ಆ ಭಜ್ಜಿ ಆಗಿರುತ್ತಾ?

ಹಾಗಾದರೆ ಈ ಮನುಷ್ಯನ ಹೆಸರು ಹೇಗೆ ತಿಂಡಿಪೋತ ಅಂತಾಯಿತು? ಮಾಸ್ತರರನ್ನು ಕೇಳಿದೆ. "ಸುಖ ಅನ್ನೋ ಶಬ್ದ ಹಿಡಕೊಂಡ್ರು, ಅವ ಹೇಳಿದ್ದು ಬಿಟ್ರು" ಅಂದರು. ಅವನು ಬದುಕಿದ್ದಾಗಲೇ ಶುರುವಾಗಿತ್ತಂತೆ. ತೋಟ ಬಿಟ್ಟುಹೋದ ಟಿಮೋಕ್ರೇಟಿಸ್ ಅನ್ನುವವನು, ಇವನು ತಿಂದದ್ದು ಹೆಚ್ಚಾಗಿ ದಿನಕ್ಕೆ ಎರಡು ಸಲ ವಾಂತಿ ಮಾಡಿಕೊಳ್ಳುತ್ತಾನೆ ಅಂತ ಸುದ್ದಿ ಹಬ್ಬಿಸಿದ. ಮುಂದೆ ರೋಮಿನ ಕವಿ ಹೊರೇಸ್, ಮೈ ಕೈ ತುಂಬಿಕೊಂಡ ನಾನು ಎಪಿಕ್ಯೂರಸ್‌ನ ಹಿಂಡಿನ ಹಂದಿ ಅಂತ ತಮಾಷೆಗೆ ಬರೆದುಕೊಂಡ. ತಮಾಷೆ ಹೋಯಿತು, ಹಂದಿ ಉಳಿಯಿತು.

ಹೀಬ್ರೂ ಭಾಷೆಯಲ್ಲಿ ಅದೇ ಹೆಸರು ಬೇರೆಯೇ ಆಯಿತು. ಅಲ್ಲಿ ಅಪಿಕೋರೋಸ್ ಅಂದರೆ ಧರ್ಮ ನಿಂದಕ, ನಂಬಿಕೆ ಬಿಟ್ಟವನು. ಅಂಥವನಿಗೆ ಪರಲೋಕದಲ್ಲಿ ಪಾಲಿಲ್ಲ ಅಂತ ಯಹೂದಿಗಳ ಧರ್ಮಗ್ರಂಥ ಮಿಷ್ನಾ ಹೇಳುತ್ತದೆ. ಊಟದ ಸುಳಿವೇ ಇಲ್ಲ ಅಲ್ಲಿ. ಇಟಲಿಯ ಕವಿ ಡಾಂಟೆ ತನ್ನ ಕಾವ್ಯದಲ್ಲಿ ಎಪಿಕ್ಯೂರಸ್‌ನನ್ನು ನರಕದ ಆರನೇ ಸುತ್ತಿನಲ್ಲಿ ಉರಿಯುವ ಗೋರಿಯೊಳಗೆ ಹಾಕಿದ, ಆತ್ಮ ದೇಹದ ಜೊತೆಗೇ ಸಾಯುತ್ತದೆ ಅಂತ ಹೇಳಿದ ತಪ್ಪಿಗೆ. ಒಬ್ಬನೇ ಮನುಷ್ಯ, ಒಂದು ಭಾಷೆಯಲ್ಲಿ ಹೊಟ್ಟೆಬಾಕ, ಇನ್ನೊಂದರಲ್ಲಿ ನಾಸ್ತಿಕ. ಈಗ ಇಂಗ್ಲಿಷಿನಲ್ಲಿ ಒಳ್ಳೆ ಅಡುಗೆಯ ರುಚಿ ಬಲ್ಲವನು ಅನ್ನೋ ಹೊಗಳಿಕೆ.

ಇಂಗ್ಲಿಷಿನವರು ಇದಕ್ಕೆ ಒಂದು ಸಣ್ಣ ಉಪಾಯ ಇಟ್ಟುಕೊಂಡಿದ್ದಾರೆ. ದೊಡ್ಡಕ್ಷರದಿಂದ ಶುರು ಮಾಡಿದರೆ ಎಪಿಕ್ಯೂರಸ್‌ನ ಅನುಯಾಯಿ, ಸಣ್ಣಕ್ಷರದಿಂದ ಶುರು ಮಾಡಿದರೆ ಭೋಜನಪ್ರಿಯ. ಅಕ್ಷರ ಜೋಡಿಸಿ ಹೊಟ್ಟೆ ಹೊರೆಯುವ ನನಗೆ ಇದು ಬಹಳ ಹಿಡಿಸಿತು. ಆದರೆ ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ. ಕನ್ನಡದಲ್ಲಿ 'ಎಪಿಕ್ಯೂರಿಯನ್' ಅಂತ ಬರೆದರೆ ಇಬ್ಬರೂ ಒಂದೇ ತಟ್ಟೆಯಲ್ಲಿ ಬಂದು ಕೂರುತ್ತಾರೆ, ಅಂಬಲಿ ಕುಡಿದವನೂ, 22 ಬಟ್ಟಲಿನವನೂ. ಅದಕ್ಕೇ ಆ ಪದವನ್ನು ಸುಮ್ನೆ ಕನ್ನಡ ಅಕ್ಷರದಲ್ಲಿ ಹಾಕಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹೀಗೆ ಹೆಸರು ಕೆಟ್ಟವನು ಇವನೊಬ್ಬನೇ ಅಲ್ಲ. ಡನ್ಸ್ ಸ್ಕೋಟಸ್ ಅಂತ ಒಬ್ಬ ಪಾದ್ರಿ, 1308ರಲ್ಲಿ ತೀರಿಕೊಂಡ, ಬಹಳ ಸೂಕ್ಷ್ಮ ಬುದ್ಧಿಯ ತತ್ವಜ್ಞಾನಿ. ಅವನ ಹೆಸರಿನಿಂದಲೇ ಇಂಗ್ಲಿಷಿನ 'ಡನ್ಸ್' ಬಂತು, ಅಂದರೆ ದಡ್ಡ.

ನಮ್ಮಲ್ಲಿ ಚಾರ್ವಾಕ. ಈ ಪದ ಕೇಳಿದ ಕೂಡಲೇ ನಮ್ಮ ಬಾಯಿಗೆ ಬರುವುದು ಒಂದೇ ಸಾಲು, ಸಾಲ ಮಾಡಿಯಾದರೂ ತುಪ್ಪ ಕುಡಿ. ಆದರೆ ಚಾರ್ವಾಕರು ತಾವೇ ಬರೆದ ಗ್ರಂಥ ಒಂದೂ ಪೂರ್ತಿಯಾಗಿ ಉಳಿದಿಲ್ಲ. ನಮಗೆ ಸಿಗುವುದು ಹೆಚ್ಚಾಗಿ ಅವರನ್ನು ಖಂಡಿಸಿದವರು ಬರೆದದ್ದು. ಕಣ್ಣಿಗೆ ಕಂಡದ್ದನ್ನೇ ನಂಬು ಅಂತ ಹೇಳಿದವರು, ಯಜ್ಞದ ಬಗ್ಗೆ ಪ್ರಶ್ನೆ ಕೇಳಿದವರು ಅನ್ನುವುದೆಲ್ಲ ಹಿಂದೆ ಸರಿಯಿತು, ತುಪ್ಪ ಮುಂದೆ ಬಂತು. ಎಪಿಕ್ಯೂರಸ್‌ನದೂ ಇದೇ ಪಾಡು. ಸುಮಾರು 300 ಸುರುಳಿ ಬರೆದವನು ಅಂತ ಹೇಳುತ್ತಾರೆ. ಪೂರ್ತಿಯಾಗಿ ಉಳಿದದ್ದು ಮೂರು ಪತ್ರ ಮತ್ತು ಕೆಲವು ಸೂತ್ರಗಳು, ಅದೂ ಡಯೋಜಿನಿಸ್ ಲೇರ್ಟಿಯಸ್ ಅನ್ನುವವನು ನಕಲು ಮಾಡಿಟ್ಟದ್ದರಿಂದ. ತನ್ನ ಮಾತು ಕಳೆದುಹೋದವನ ಹೆಸರನ್ನು ಯಾರು ಹೇಗೆ ಬೇಕಾದರೂ ಬಳಸಬಹುದು, ಅಲ್ವಾ? ನನಗೆ ಇದು ನಿಜಕ್ಕೂ ಸಂಕಟ ಅನ್ನಿಸುತ್ತೆ.

ಮಾಸ್ತರರ ಜೊತೆ ನನಗೆ ಒಂದು ಕಡೆ ಭಿನ್ನಾಭಿಪ್ರಾಯ ಇದೆ. ಅವರು ಎಪಿಕ್ಯೂರಸ್‌ನನ್ನು ಪೂರ್ತಿ ಸನ್ಯಾಸಿ ಮಾಡಿಬಿಡುತ್ತಾರೆ. ನಾನು ಒಪ್ಪಲ್ಲ. ನಾಲಿಗೆಯ ಸುಖವನ್ನು ತೆಗೆದುಬಿಟ್ಟರೆ ಒಳ್ಳೆಯದು ಅಂದರೇನು ಅಂತ ನನಗೆ ಊಹಿಸಲೂ ಬರುವುದಿಲ್ಲ ಅಂತ ಅವನೇ ಒಂದು ಕಡೆ ಬರೆದಿದ್ದಾನೆ. ಎಲ್ಲ ಒಳ್ಳೆಯದರ ಬೇರು ಹೊಟ್ಟೆಯ ಸುಖ ಅಂದದ್ದೂ ಅವನೇ. ನಿಘಂಟು ಹೇಳುವ ಅರ್ಥದಲ್ಲಿ ಹಾಗಾಗಿ ಒಂದು ಎಳೆ ನಿಜ ಇದೆ. ಅವನು ಹೊಟ್ಟೆಯನ್ನು ಕೀಳು ಅಂತ ನೋಡಲಿಲ್ಲ. ಹೊಟ್ಟೆ ಬೇಡುವುದು ಸ್ವಲ್ಪ, ಅದು ಸುಲಭವಾಗಿ ಸಿಗುತ್ತೆ ಅಂದ. ಹಸಿಯಬಾರದು, ಬಾಯಾರಬಾರದು, ಚಳಿಯಾಗಬಾರದು, ಇಷ್ಟೇ ದೇಹದ ಕೂಗು ಅಂದ. ಕಲಬುರಗಿಯಲ್ಲಿ ಹುಟ್ಟಿದ್ದರೆ ಚಳಿ ಬಿಟ್ಟು ಬಿಸಿಲು ಸೇರಿಸುತ್ತಿದ್ದ. ಇದನ್ನು ನಾನು ಮಾಸ್ತರರಿಗೆ ಹೇಳಿದಾಗ ಅವರು ಎಣ್ಣೆಗಾಯಿ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು, ತಲೆ ಆಡಿಸಿದರು.

ಇನ್ನೊಂದು ಮಾತು ಅವನದೇ, ಸೆನೆಕಾ ಉಳಿಸಿಕೊಟ್ಟದ್ದು: ಏನು ತಿನ್ನಬೇಕು ಅಂತ ಹುಡುಕುವ ಮೊದಲು ಯಾರ ಜೊತೆ ತಿನ್ನಬೇಕು ಅಂತ ಹುಡುಕು, ಗೆಳೆಯನಿಲ್ಲದೆ ಉಣ್ಣುವುದು ಸಿಂಹ, ತೋಳಗಳ ಬದುಕು. ಈ ಖಾನಾವಳಿಯ ಉದ್ದನೆಯ ಟೇಬಲ್ ಅದಕ್ಕೇ ನನಗೆ ಇಷ್ಟ. ಆ ಹೋಟೆಲಿನಲ್ಲಿ ನಾನು ಒಬ್ಬನೇ ಕೂತಿದ್ದೆ, ಎದುರಿಗೆ ಖಾಲಿ ಕುರ್ಚಿ. ಇಲ್ಲಿ ಎಡಕ್ಕೆ ಗಂಜಿನ ಹಮಾಲರು, ಬಲಕ್ಕೆ ಲಾರಿ ಡ್ರೈವರು, ಎದುರಿಗೆ ಪರೀಕ್ಷೆಗೆ ಓದುತ್ತಿರುವ ಹುಡುಗರು. ಒಮ್ಮೆ ಒಬ್ಬ ಹಮಾಲರು ತಮ್ಮ ಹಸಿಮೆಣಸಿನಕಾಯಿ ಅರ್ಧ ಮುರಿದು ನನ್ನ ತಟ್ಟೆಗೆ ಇಟ್ಟರು. "ಇದರ ಕೂಡ ತಿನ್ರಿ ಅಣ್ಣಾ, ಬ್ಯಾಳಿ ಖರೇ ರುಚಿ ಆಗ ಗೊತ್ತಾಗ್ತದ" ಅಂದರು. ಗೊತ್ತಾಯಿತು. ಅವರ ಅಂಗೈ ತುಂಬ ಚೀಲದ ಸೆಣಬಿನ ಗೀರುಗಳು. ಮುಂಜಾನೆಯಿಂದ ತೊಗರಿ ಚೀಲ ಹೊತ್ತು ಬಂದವರು. ಅವರು ಉಣ್ಣುವುದನ್ನು ನೋಡುವುದೇ ಒಂದು ಪಾಠ. ಮಾತು ಕಡಿಮೆ, ಗಡಿಬಿಡಿ ಇಲ್ಲ, ತಟ್ಟೆಯಲ್ಲಿ ಒಂದು ಅಗುಳು ಬಿಡುವುದಿಲ್ಲ.

ಇನ್ನೊಂದು ದಿನ ಒಬ್ಬ ಹುಡುಗ ಬಾಗಿಲಲ್ಲೇ ನಿಂತು 50 ರೂಪಾಯಿ ಮಾತ್ರ ಇದೆ, ಎರಡು ರೊಟ್ಟಿ ಪಾರ್ಸಲ್ ಕೊಡ್ತೀರಾ ಅಂತ ಕೇಳಿದ. ಅಕ್ಕ ಹಂಚಿನಿಂದ ಕಣ್ಣೆತ್ತದೆ "ಮೊದ್ಲ ಕೂತು ಉಣ್ಣಪ್ಪಾ, ಲೆಕ್ಕಾ ಆಮ್ಯಾಲ" ಅಂದರು. ಅಷ್ಟೇ. ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಶರಣಬಸವೇಶ್ವರರ ಊರಲ್ಲಿ ದಾಸೋಹ ಅಂದರೇನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಪಿಕ್ಯೂರಸ್‌ಗೂ ಶರಣರಿಗೂ ಗಂಟು ಹಾಕಲು ಹೊರಟಿಲ್ಲ ನಾನು. ಅವನ ದೇವರುಗಳು ಎಲ್ಲೋ ದೂರ ಸುಮ್ಮನೆ ಇರುವವರು, ನಮ್ಮ ಸುದ್ದಿಗೆ ಬರದವರು. ಶರಣರಿಗೆ ಉಣಬಡಿಸುವುದೇ ಪೂಜೆ. ದಾರಿ ಬೇರೆ. ಆದರೆ ಅವನ ತೋಟದ ಬಾಗಿಲನ್ನು ನೆನೆದಾಗ ನನಗೆ ಕಣ್ಣಿಗೆ ಕಟ್ಟುವುದು ಈ ಬಾಗಿಲೇ.

ಕುಂದು ಕೊರತೆ ಹೇಳದಿದ್ದರೆ ವಿಮರ್ಶೆ ಆಗಲ್ಲ. ಒಳಗಿನ ಬೆಂಚಿನಲ್ಲಿ ಸೆಖೆ ವಿಪರೀತ, ಒಂದೇ ಫ್ಯಾನು, ಅದೂ ಹೊರಗಿನ ಟೇಬಲ್ ಮೇಲೆ. ಕೆಲವು ದಿನ ಬ್ಯಾಳಿಗೆ ಉಪ್ಪು ಜಾಸ್ತಿ ಬೀಳುತ್ತೆ. ಹೇಳಿದರೆ ಬೇಜಾರು ಮಾಡಿಕೊಳ್ಳಲ್ಲ, ಸ್ವಲ್ಪ ಬಿಸಿನೀರು ಬೆರೆಸಿ ಕೊಡುತ್ತಾರೆ. ಕಾರ್ ನಿಲ್ಲಿಸಲು ಜಾಗ ಇಲ್ಲ, ಲಾರಿಗಳ ಓಡಾಟ, ಮಧ್ಯಾಹ್ನ ಧೂಳು. ನೀರಿನ ಕೊಡ ತೆರೆದಿಟ್ಟಿರುತ್ತಾರೆ, ಒಂದು ಮುಚ್ಚಳ ಇಟ್ಟರೆ ಒಳ್ಳೆಯದು. ಹೆಣ್ಣುಮಕ್ಕಳು ಬರುವುದು ಕಡಿಮೆ, ಬಂದರೆ ಪಾರ್ಸಲ್ ತಗೊಂಡು ಹೋಗುತ್ತಾರೆ. ನಡೆಸುವವರೆಲ್ಲ ಹೆಂಗಸರೇ ಇರುವಾಗ ಒಂದು ಬೆಂಚು ಅವರಿಗಂತ ಬಿಟ್ಟರೆ ಚೆನ್ನ ಅಂತ ಅಕ್ಕನಿಗೆ ಹೇಳಿದೆ. "ನೋಡ್ತೀನ್ರಿ" ಅಂದಿದ್ದಾರೆ. ಕಳೆದ ವಾರ ನನ್ನ ಹೆಂಡತಿ, ಮಗಳು ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಹಮಾಲರು ಎದ್ದು ಒಲೆ ಕಾಣುವ ಜಾಗವನ್ನೇ ಬಿಟ್ಟುಕೊಟ್ಟರು. ಮಗಳು ನಾಲ್ಕು ರೊಟ್ಟಿ ಉಂಡಳು. ಮನೆಯಲ್ಲಿ ಎರಡಕ್ಕೇ ಸಾಕು ಅನ್ನುವವಳು.

ಮೆನು ಕಾರ್ಡ್ ಏನಾಯಿತು ಅಂತ ಹೇಳಲಿಲ್ಲ. ಮ್ಯಾನೇಜರ್‌ಗೆ ಮೂರು ಹೆಸರು ಬರೆದುಕೊಟ್ಟೆ: ಭರ್ಜರಿ ಊಟ, ರಾಜಭೋಗ ಥಾಲಿ, ಹಬ್ಬದ ಊಟ. ಎಪಿಕ್ಯೂರಸ್ ಯಾರು ಅಂತಲೂ ಹೇಳಿದೆ, ಅಂಬಲಿ, ಚೀಸ್ ಮಡಕೆ ಎಲ್ಲಾ. ಅವರು ಕೇಳಿಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿ "ಹಬ್ಬದ ಊಟ ಇರ್ಲಿ ಸರ, ಚಲೋ ಅದ" ಅಂದರು. ಹಾಗೇ ಅಚ್ಚಾಯಿತು. ಇಂಗ್ಲಿಷ್ ಸಾಲಿನಲ್ಲಿ ಹಳೆ ಹೆಸರೇ ಇದೆ. ಜೋಳದ ರೊಟ್ಟಿಯನ್ನು ಬಿಸಿಯಾಗಿ, ಕೊನೆಗೆ ತಂದು ಹಾಕಿಸಿ ಅಂತಲೂ ಹೇಳಿ ಬಂದಿದ್ದೇನೆ, ಮಾಡುತ್ತೇವೆ ಅಂದಿದ್ದಾರೆ.

ಖಾನಾವಳಿಗೆ ಹೋಗುವವರಿಗೆ: ಮಧ್ಯಾಹ್ನ 12ರಿಂದ 3ರವರೆಗೆ ಮಾತ್ರ ಊಟ, ಭಾನುವಾರ ರಜೆ. 1 ಗಂಟೆಗೆ ಗಂಜಿನವರು ಬರುತ್ತಾರೆ, ಆಗ ಜಾಗ ಸಿಗಲ್ಲ, ಹನ್ನೆರಡೂವರೆಗೇ ಹೋಗಿ. ಎರಡೂವರೆ ಆದಮೇಲೆ ಹೋದರೆ ಬಿಸಿ ರೊಟ್ಟಿ ಮುಗಿದು ಕಡಕ್ ರೊಟ್ಟಿ ಕೊಡುತ್ತಾರೆ, ಅದೂ ಕೆಟ್ಟದ್ದಲ್ಲ. ಪುಂಡಿ ಪಲ್ಯ ಮಂಗಳವಾರ, ಎಣ್ಣೆಗಾಯಿ ಶುಕ್ರವಾರ. ಅಮಾವಾಸ್ಯೆ ದಿನ ಹೋಳಿಗೆ ಇರುತ್ತೆ, ಒಬ್ಬರಿಗೆ ಒಂದೇ, ಮೇಲೆ ಒಂದು ಚಮಚ ತುಪ್ಪ.